ಮೆಣಸಿನಕಾಯಿ ಕಣದಲ್ಲಿ ಇಳಿದ ವಿಮಾನಗಳು

ನಮ್ಮ ಮನೆಯವರು ಯಾವುದನ್ನೂ ಮೊದಲು ಕೇಳಿ ಆಮೇಲೆ ಒಪ್ಪಿಕೊಂಡವರಲ್ಲ. ಮೊದಲು ಒಪ್ಪಿಕೊಂಡು ಬರುವುದು, ಆಮೇಲೆ ನನ್ನೆದುರು ನಿಂತು ತಲೆ ಕೆರೆದುಕೊಳ್ಳುವುದು. ಆ ಸಲವೂ ಹಾಗೇ ಆಯಿತು. ರಾಣೆಬೆನ್ನೂರಿನ ಅಂಗಡಿ ಮುಚ್ಚಿ ಮನೆಗೆ ಬಂದವರು ಕೈಕಾಲು ಸಹ ತೊಳೆಯದೆ, "ಸಂಕ್ರಮಣ ಆದಮ್ಯಾಲೆ ಒಂದ್ ಹದಿನೈದಿಪ್ಪತ್ತು ಮಂದಿ ಊಟಕ್ಕ ಬರ್ತಾರ" ಅಂದರು.

"ಬರ್ಲಿ. ಯಾರವ್ರು?"

"ಬೆಂಗಳೂರಿನವ್ರು. ಒಂದಿಬ್ರು ಬೆಳಗಾವಿ ಕಡೆಯವ್ರು."

"ಬಸ್ಸಿಗೆ ಬರ್ತಾರೋ, ಗಾಡಿ ಮಾಡ್ಕೊಂಡು ಬರ್ತಾರೋ?"

"ವಿಮಾನದಾಗ ಬರ್ತಾರ" ಎಂದು ಹೇಳಿ ಬಚ್ಚಲಿಗೆ ನಡೆದರು.

ಹುಬ್ಬಳ್ಳಿಗೆ ಬಂದು ಅಲ್ಲಿಂದ ಜೀಪಿನಲ್ಲಿ ಬರುತ್ತಾರೇನೋ ಎಂದುಕೊಂಡೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದು, "ಹುಬ್ಬಳ್ಳಿಗಲ್ಲ, ನಮ್ಮ ಹೊಲದಾಗ ಇಳೀತಾರ" ಅಂದಾಗ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟೆ.

ನಮ್ಮ ಊರು ಮೋಟೆಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ದಾರಿಯ ಬದಿಗೆ. ಊರ ಹೊರಗೆ ನಮ್ಮ ಹೊಲದ ನಡುವೆ ಉದ್ದಕ್ಕೆ ಒಂದು ಗರಸಿನ, ಕಲ್ಲುಮಣ್ಣಿನ ಪಟ್ಟಿ ಇತ್ತು. ಹೈಬ್ರಿಡ್ ಹತ್ತಿ ಬಂದ ಹೊಸದರಲ್ಲಿ, ನಾನು ಈ ಮನೆಗೆ ಸೊಸೆಯಾಗಿ ಬರುವುದಕ್ಕೆ ಬಹಳ ಮೊದಲು, ಹತ್ತಿಯ ಹುಳಕ್ಕೆ ವಿಮಾನದಿಂದ ಎಣ್ಣೆ ಹೊಡೆಸುತ್ತಿದ್ದರಂತೆ. ನಮ್ಮ ಕಡೆ ಹುಳದ ಔಷಧಕ್ಕೆ ಎಣ್ಣೆ ಎಂದೇ ಹೆಸರು. ಆ ವಿಮಾನ ಇಳಿದು ಏರಲು ನೆಲ ಬೇಕೆಂದು ಕೇಳಿದಾಗ ಮಾವನವರು ಹೊಲದ ನಡುವಿನ ತುಂಡನ್ನು ಬಿಟ್ಟುಕೊಟ್ಟರು. ಗರಸು ಸುರಿದು, ರೋಲು ಹೊಡೆಸಿ ಗಟ್ಟಿ ಮಾಡಿದ ಆ ನೆಲದಲ್ಲಿ ಮುಂದೆಂದೂ ನೇಗಿಲು ಇಳಿಯಲಿಲ್ಲ. ವಿಮಾನ ಬರುವುದು ನಿಂತಿತು, ಮಾವನವರು ತೀರಿಕೊಂಡರು, ಪಟ್ಟಿ ಹಾಗೇ ಉಳಿಯಿತು. ಊರವರು ಅದಕ್ಕೆ ಇಮಾನಪಟ್ಟಿ ಅನ್ನುತ್ತಿದ್ದರು. ನಮ್ಮ ಅತ್ತೆ ಮಾತ್ರ ಕಣ ಅನ್ನುತ್ತಿದ್ದರು. ಚಳಿಗಾಲ ಬಂತೆಂದರೆ ಅವರ ಮೆಣಸಿನಕಾಯಿ ಒಣಗುತ್ತಿದ್ದುದು ಅಲ್ಲೇ.

ನಮ್ಮವರದು ಪಂಪ್‌ಸೆಟ್ ರಿಪೇರಿ ಅಂಗಡಿ. ಯಾರೋ ಗುಜರಿಗೆ ಹಾಕಿದ ಹಳೆಯ ಎಂಜಿನ್ ತಂದು ಹಬ್ಬದ ದಿನವೂ ಅದರ ಮುಂದೆ ಕೂತು ಒರೆಸುವ ಹುಚ್ಚು ಅವರಿಗೆ. ಇಂಥ ಹುಚ್ಚಿನವರಿಗೆ ಇಂಥವರೇ ಗಂಟುಬೀಳುತ್ತಾರೆ. ಹಳೆಯ ಸಣ್ಣ ವಿಮಾನಗಳನ್ನು ಜೋಪಾನ ಮಾಡಿ ಹಾರಿಸುವ ಬೆಂಗಳೂರಿನ ಒಬ್ಬರ ಎಂಜಿನ್ನಿನ ಯಾವುದೋ ಭಾಗವನ್ನು ಇವರು ದುರಸ್ತಿ ಮಾಡಿಕೊಟ್ಟಿದ್ದರು. ಅಲ್ಲಿಂದ ಗೆಳೆತನ. ಆ ಗುಂಪಿನವರೆಲ್ಲ ಆಗಾಗ ಎಲ್ಲಾದರೂ ಒಂದು ಸಣ್ಣ ಪಟ್ಟಿಯಲ್ಲಿ ಬಂದಿಳಿದು, ಒಬ್ಬರ ವಿಮಾನ ಇನ್ನೊಬ್ಬರು ನೋಡಿ, ಉಂಡು, ಮಾತಾಡಿ ಹಾರಿಹೋಗುವ ಪದ್ಧತಿಯಂತೆ. "ಈ ಸಲ ನಮ್ಮಲ್ಲೇ ಬರ್ರಿ" ಎಂದು ಇವರು ಹೇಳಿಬಿಟ್ಟಿದ್ದರು.

ಅತ್ತೆಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಪಟ್ಟಿಯ ತುಂಬ ಕೆಂಪಗೆ ಹರವಿದ ಕಾಯಿಯ ನಡುವೆ ಕೂತು ಅವರು ಬಿಳಿಚಿದ ಕಾಯಿ ಆರಿಸುತ್ತಿದ್ದರು. ನಾನು ಹೇಳಿದ್ದನ್ನು ಪೂರಾ ಕೇಳಿಸಿಕೊಂಡರು. ಕೈ ನಿಲ್ಲಿಸಲಿಲ್ಲ.

"ಯಾರ್ನ ಕೇಳಿ ಹೂಂ ಅಂದಾನವ? ನನ್ನ ಕಾಯಿ ಎಲ್ಲಿ ಒಣಗಸ್ಬೇಕು, ಅವನ ತಲಿ ಮ್ಯಾಲೇನು?"

"ಒಂದ್ ದಿನದ ಮಾತು ಅತ್ತಿ. ಆಮ್ಯಾಲೆ ಮತ್ತ ಹರವಿದ್ರಾತು."

"ದಿನದ ಮಾತಲ್ಲ ಅದು. ಆ ಇಮಾನದ ಮಾರಿ ನೋಡಾಂಗಿಲ್ಲ ನಾನು. ನನ್ನ ಎಮ್ಮಿ ಕೊಂದೈತದು."

ಎಮ್ಮೆಯ ಕತೆ ನನಗೆ ಗೊತ್ತಿತ್ತು. ಮದುವೆಯಾಗಿ ಬರುವಾಗ ಅತ್ತೆಗೆ ತವರಿನಿಂದ ಒಂದು ಎಮ್ಮೆ ಕಳಿಸಿದ್ದರು. ವಿಮಾನ ಎಣ್ಣೆ ಹೊಡೆದು ಹೋದ ಮರುದಿನ ಅದು ಬದುವಿನ ಹುಲ್ಲು ಮೇಯ್ದು, ಬಾಯಲ್ಲಿ ನೊರೆ ಬಂದು, ಇಳಿಹೊತ್ತಿಗೆ ಸತ್ತಿತು. ಗಬ್ಬದ ಎಮ್ಮೆ. ಮಾವನವರು ಬೇರೆ ಎಮ್ಮೆ ತಂದುಕೊಟ್ಟರೂ ಅತ್ತೆ ಅದರ ಹಾಲು ಕರೆಯಲಿಲ್ಲ, ಆಳಿಗೆ ಬಿಟ್ಟರು. ಇದನ್ನು ನಮ್ಮ ಮನೆಗೆ ಬಂದ ಪ್ರತಿ ಸೊಸೆಯೂ ಮೊದಲ ವಾರದಲ್ಲೇ ಕೇಳಿಸಿಕೊಂಡಿದ್ದಳು.

ಇನ್ನೇನು ಮಾಡುವುದೆಂದು ನಾನು ಎದ್ದೆ. ಅಷ್ಟು ದೂರ ಹೋದ ಮೇಲೆ ಅತ್ತೆ ಕೂಗಿದರು.

"ರೊಟ್ಟಿ ಬಡಿಯಾಕ ಯಾರಿಗರೆ ಹೇಳೀಯೇನು? ಅಷ್ಟು ಮಂದಿಗೆ ನೀ ಒಬ್ಬಾಕಿ ಎಲ್ಲಿ ಬಡೀತಿ?"

ನಾನು ತಿರುಗಿ ನೋಡಿದೆ. ಅವರು ಕಾಯಿ ಆರಿಸುತ್ತಲೇ ಇದ್ದರು. "ಕರದಮ್ಯಾಲೆ ಬಾಗಿಲಾ ಹಾಕ್ಕೊಳ್ಳಾಕ ಬರ್ತೈತೇನು?" ಅಂದರು, ನನಗಲ್ಲ, ಮೆಣಸಿನಕಾಯಿಗೆ ಹೇಳಿದ ಹಾಗೆ.

ಮುಂದಿನ ದಿನಗಳಲ್ಲಿ ನಮ್ಮವರು ಅಂಗಡಿಗಿಂತ ಹೆಚ್ಚಾಗಿ ಹಾವೇರಿಯ ಕಚೇರಿಗಳಲ್ಲೇ ಇದ್ದರು. ವಿಮಾನ ಇಳಿಸುವುದಕ್ಕೆ ಯಾರ ಯಾರ ಅಪ್ಪಣೆ ಬೇಕೆಂಬುದು ಅಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಪಾಪ. ಹಿಂದೆ ಯಾರೂ ಕೇಳಿರಲಿಲ್ಲ. ಒಬ್ಬ ಅಧಿಕಾರಿ, "ಮದುವಿ ಮೆರವಣಿಗಿ ಅಂತ ಬರದುಕೊಡ್ರಿ, ಲಗೂ ಆಕ್ಕೈತಿ" ಅಂದರಂತೆ. ಅಂತೂ ಎಲ್ಲ ಆಯಿತು. ಬೆಂಗಳೂರಿನ ಕಡೆಯ ಕಾಗದಪತ್ರ ಅವರೇ ನೋಡಿಕೊಂಡರು. ವಿಮಾನಗಳಿಗೆ ಬೇಕಾದ ಪೆಟ್ರೋಲು, ವಿಮಾನದಲ್ಲಿ ಜಾಗ ಸಾಲದ ಗೆಳೆಯರ ಸಮೇತ, ಹಿಂದಿನ ದಿನವೇ ಜೀಪುಗಳಲ್ಲಿ ಬಂತು.

ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ಮೇಲಿನವರಿಗೆ ಕಾಣಲು ಬಟ್ಟೆಯ ಉದ್ದನೆಯ ಚೀಲವೊಂದನ್ನು ಕಂಬಕ್ಕೆ ಕಟ್ಟಬೇಕಿತ್ತು. ಅದನ್ನು ನಾನೇ ಹೊಲಿಗೆ ಮಷಿನ್ನಿನ ಮೇಲೆ ಹೊಲಿದೆ. ಕಿತ್ತಳೆ ಬಣ್ಣದ ಪಾಪ್ಲಿನ್, ಒಂದು ಬಾಯಿ ದೊಡ್ಡದು, ಇನ್ನೊಂದು ಸಣ್ಣದು. ಹೊಲಿದು ಮುಗಿಸಿದಾಗ ಯಾವನೋ ರಾಕ್ಷಸನ ಅಂಗಿಯ ತೋಳಿನ ಹಾಗಿತ್ತು. ಕಂಬಕ್ಕೆ ಏರಿಸಿದ ಕೂಡಲೇ ಗಾಳಿ ತುಂಬಿಕೊಂಡು ಅಡ್ಡಡ್ಡ ನಿಂತಿತು. ನಾನು ಹೊಲಿದದ್ದರಲ್ಲಿ ಅಷ್ಟು ಜನ ತಲೆಯೆತ್ತಿ ನೋಡಿದ್ದು ಅದೊಂದನ್ನೇ.

ಅತ್ತೆ ಆಳುಗಳನ್ನು ಹಚ್ಚಿ ಕಾಯಿ ಬಳಿಸಿ ಒಟ್ಟು ಮಾಡಿಸಿದರು. ಮನೆಯತನಕ ಹೊರಲು ಒಪ್ಪಲಿಲ್ಲ. ಪಟ್ಟಿಯ ಒಂದು ತುದಿಗೆ ದೊಡ್ಡ ರಾಶಿ ಹಾಕಿ, ಮೇಲೆ ತಾಡಪಾಲು ಹೊದಿಸಿ, ಅಂಚಿಗೆ ಕಲ್ಲು ಪೇರಿಸಿದರು. "ಇದರಾಚಿಗೆ ಒಂದ್ ಗೇಣೂ ಸರಿಸಾಂಗಿಲ್ಲ" ಅಂದರು. ನಮ್ಮವರು ಅದೇ ದೊಡ್ಡದೆಂದು ಸುಮ್ಮನಾದರು.

ಆ ದಿನ ನಸುಕಿನಲ್ಲೇ ಒಲೆ ಹೊತ್ತಿಸಿದೆವು. ಓಣಿಯ ಹೆಣ್ಣುಮಕ್ಕಳು ರೊಟ್ಟಿ ಬಡಿಯಲು ಬಂದರು. ಎಣಗಾಯಿ, ಝುಣಕ, ಶೇಂಗಾ ಚಟ್ನಿ, ಸಂಕ್ರಮಣಕ್ಕೆ ಮಾಡಿ ಉಳಿದಿದ್ದ ಮಾದಲಿ. ಹಾವೇರಿಯಿಂದ ಏಲಕ್ಕಿ ಮಾಲೆಗಳನ್ನು ತರಿಸಿದ್ದರು, ಅಡುಗೆಮನೆಯೆಲ್ಲ ಅದರದೇ ಘಮ. ಬಿಸಿಲು ಏರುವ ಹೊತ್ತಿಗೆ ಸುತ್ತಲಿನ ಹಳ್ಳಿಗಳ ಜನವೆಲ್ಲ ನಮ್ಮ ಬದುವಿನ ಮೇಲೆ. ಬಂದೋಬಸ್ತಿಗೆಂದು ಬಂದಿದ್ದ ಒಬ್ಬನೇ ಪೊಲೀಸು ಅವರನ್ನು ಹಿಂದಕ್ಕೆ ಸರಿಸಿ ಸರಿಸಿ ಸೋತು, ಟೊಪ್ಪಿಗೆ ತೆಗೆದು ತಾನೂ ಆಕಾಶ ನೋಡುತ್ತ ಕೂತುಬಿಟ್ಟ.

ಮೊದಲು ಸದ್ದು ಬಂತು. ಎತ್ತರದಲ್ಲಿ ಹೋಗುವ ದೊಡ್ಡ ವಿಮಾನದ ಸದ್ದಲ್ಲ, ದೂರದ ಹೊಲದಲ್ಲಿ ಯಾರೋ ಪಂಪು ಚಾಲೂ ಮಾಡಿದಂಥ ಸದ್ದು. ನಾನು ಕೈಗೆ ಅಂಟಿದ ಹಿಟ್ಟಿನೊಂದಿಗೇ ಹೊಲಕ್ಕೆ ಓಡಿದೆ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆಯಿದ್ದ ಹಳದಿ ವಿಮಾನವೊಂದು ಸುತ್ತು ಹಾಕಿ, ಪಟ್ಟಿಯ ಮೇಲೆ ಕುಪ್ಪಳಿಸಿ ನಿಂತಿತು. ಜನ ಸಿಳ್ಳೆ ಹೊಡೆದರು. ಬೆಳಗಾವಿ ಕಡೆಯದು ಅದರ ಹಿಂದೆ ಇಳಿಯಿತು. ಮೂರನೆಯದು ಬಿಳಿಯದು, ಸಣ್ಣದು, ತಲೆಯ ಮೇಲೆ ಒಂದೇ ರೆಕ್ಕೆ. ಪುಷ್ಪಕ ಎನ್ನುವುದು ಅದರ ಜಾತಿಯ ಹೆಸರು ಎಂದು ನಮ್ಮವರು ಹೇಳಿದರು. ಪಕ್ಕದಲ್ಲೇ ನಿಂತಿದ್ದ ಅತ್ತೆ, "ಹಂಗಾರ ರಾವಣನೂ ಬಂದಿರ್ಬೇಕು" ಅಂದರು.

ಬಿಳಿ ವಿಮಾನ ಚೆಂದಾಗಿ ಇಳಿಯಿತು. ಆದರೆ ಮಿಕ್ಕವುಗಳ ಪಕ್ಕ ನಿಲ್ಲಲು ಪಟ್ಟಿಯ ತುದಿಗೆ ಬಂದು ತಿರುಗುವಾಗ ಅದರ ಬೆನ್ನು ಸರಿಯಾಗಿ ಅತ್ತೆಯ ರಾಶಿಯ ಕಡೆಗಾಯಿತು. ಎಂಜಿನ್ ಒಮ್ಮೆ ಗುಡುಗಿತು. ಮೂಗಿನ ಫಂಕದ ಗಾಳಿಗೆ ತಾಡಪಾಲು ಕಲ್ಲು ಕೊಡವಿಕೊಂಡು ಎದ್ದು ಬದುವಿನಾಚೆ ಹೋಗಿ ಬಿತ್ತು. ಅದರ ಹಿಂದೆ ಮೆಣಸಿನಕಾಯಿ! ಕೆಂಪು ಗಿಳಿಗಳ ಹಿಂಡು ಒಮ್ಮೆಲೇ ಎದ್ದ ಹಾಗೆ ಮೇಲೆದ್ದು ಜನರ ತಲೆಯ ಮೇಲೆ, ಹೊಲದ ಮೇಲೆ, ಪೊಲೀಸಿನವನ ಮೇಲೆ ಸುರಿಯಿತು. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಆ ದಿನ ಕಣ್ಣು ಉಜ್ಜಿಕೊಳ್ಳುತ್ತ ಸೀನುತ್ತಿದ್ದವರು ಯಾರೂ ಹಾಗೆ ಹೇಳಲಿಲ್ಲ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣದ ಕಸಬರಿಗೆ ಎತ್ತಿಕೊಂಡು ಹೊರಟೇಬಿಟ್ಟರು. ನಮ್ಮವರು, "ಯವ್ವಾ, ತಡಿಯವ್ವಾ, ಫಂಕ ತಿರಗಾಕತ್ತೈತಿ!" ಎಂದು ಹಿಂದೆ ಓಡಿದರು. ಪುಣ್ಯಕ್ಕೆ ಅಷ್ಟರಲ್ಲಿ ಎಂಜಿನ್ ನಿಂತಿತು. ಒಂದು ಬಾಗಿಲಿನಿಂದ ನನ್ನ ವಯಸ್ಸಿನ, ಗಿಡ್ಡ ಕೂದಲಿನ ಹೆಂಗಸೊಬ್ಬಳು ಜಿಗಿದಳು. ವಿಮಾನ ನಡೆಸಿದವಳು ಅವಳೇ. ಅವಳು ಈಚೆ ಸುತ್ತಿ ಬಂದು ಇನ್ನೊಂದು ಬಾಗಿಲು ತೆಗೆದು, ಒಬ್ಬ ಮುದುಕರನ್ನು ತೋಳು ಹಿಡಿದು ಇಳಿಸಿದಳು. ಅವಳ ಅಪ್ಪ. ಎತ್ತರದ ಆಳು, ಬಾಗಿದ ಬೆನ್ನು, ಎರಡೂ ಕೈ ನಡುಗುತ್ತಿದ್ದವು.

"ಕಣ್ಣು ಕಾಣಸ್ತಾವಿಲ್ಲೇನು ನಿಮಗ?" ಅತ್ತೆ ಕೇಳಿದರು. "ಮನ್ಯಾಗಿನ ಮಂದಿ ದಿನಾ ಬೆನ್ನು ಬಗ್ಗಿಸಿ ಆರಿಸಿದ ಕಾಯಿ ಅದು!"

ಮಗಳು ಗಾಬರಿಯಾಗಿ, "ಸಾರಿ ಅಮ್ಮ, ನಾನು ನೋಡಲಿಲ್ಲ" ಅಂದಳು. ಮುದುಕರು ಸುತ್ತ ಒಮ್ಮೆ ನೋಡಿ, ಮೆಲ್ಲಗೆ ನೆಲಕ್ಕೆ ಕೂತು, ಕಾಯಿ ಹೆಕ್ಕತೊಡಗಿದರು. ನಡುಗುವ ಬೆರಳಿಗೆ ಒಂದು ಸಿಕ್ಕರೆ ಇನ್ನೊಂದು ಜಾರುತ್ತಿತ್ತು. ಅತ್ತೆ ಸ್ವಲ್ಪ ಹೊತ್ತು ನೋಡಿದರು. ಕಸಬರಿಗೆ ಕೆಳಗಿಳಿಯಿತು.

"ಬಿಡ್ರಿ ಯಜಮಾನ್ರ, ಏಳ್ರಿ. ಆಳು ಅದಾರ, ಬಳೀತಾರ. ಬಿಸಿಲಾಗ ಕುಂದ್ರಬ್ಯಾಡ್ರಿ."

ಬೇವಿನ ಮರದ ಕೆಳಗೆ ಹಾಸಿದ್ದ ಜಮಖಾನದ ಮೇಲೆ ಅವರನ್ನು ಕೂಡಿಸಿದೆವು. ನಾನು ನೀರು, ಬೆಲ್ಲ ತಂದುಕೊಟ್ಟೆ. ಮಿಕ್ಕ ವಿಮಾನದವರು ನಮ್ಮವರ ಸುತ್ತ ನೆರೆದು ಎಂಜಿನ್ನಿನ ಮಾತಿಗೆ ಬಿದ್ದಿದ್ದರು. ಮುದುಕರು ನೀರು ಕುಡಿದು ಪಟ್ಟಿಯನ್ನೇ ನೋಡುತ್ತ, "ಈ ಪಟ್ಟಿ ನನಗೆ ಗೊತ್ತಮ್ಮ" ಎಂದರು. ಮೈಸೂರು ಕಡೆಯ ಮಾತು. "ಹತ್ತಿಗೆ ಔಷಧಿ ಹೊಡೆಯೋ ವಿಮಾನದಲ್ಲಿ ಇಲ್ಲಿಗೆ ಬರ್ತಿದ್ದೆ. ಆಗ ನನಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಇನ್ನೊಮ್ಮೆ ನೋಡಬೇಕು ಅಂತ ಮಗಳಿಗೆ ಗಂಟುಬಿದ್ದು ಬಂದೆ. ನನಗೆ ಈಗ ಹಾರಿಸೋಕೆ ಬಿಡೋದಿಲ್ಲ."

ನಾನು ಅತ್ತೆಯ ಮುಖ ನೋಡಿದೆ. ಅವರು ಬೇವಿನ ಬೊಡ್ಡೆಗೆ ಒರಗಿ ಕೂತಿದ್ದವರು ನೆಟ್ಟಗಾದರು. ಈಗೇನು ಕಾದಿದೆಯೋ ಎಂದುಕೊಂಡೆ.

ಮುದುಕರಿಗೆ ಅದು ತಿಳಿಯುವ ಹಾಗಿರಲಿಲ್ಲ, ಮುಂದುವರಿಸಿದರು. "ಹೊಲದ ಅಂಚಿನಲ್ಲಿ ಒಬ್ಬರು ಬಿಳಿ ಬಾವುಟ ಹಿಡಿದು ನಿಲ್ಲಬೇಕಿತ್ತು. ಯಾವ ಸಾಲಿನ ಮೇಲೆ ಬರಬೇಕು ಅಂತ ನಮಗೆ ಗುರುತು. ವಿಮಾನ ಹತ್ತಿರ ಬಂದ ಹಾಗೆ ಎಲ್ಲರೂ ಕೂತುಬಿಡೋರು, ಕೆಲವರು ಬಾವುಟ ಎಸೆದು ಓಡೋರು. ಒಂದು ದಿನ ಇಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಅಷ್ಟು ಊರು ತಿರುಗಿದೆ, ಹೆಣ್ಣುಮಗಳು ಬಾವುಟ ಹಿಡಿದದ್ದು ನಾನು ಇನ್ನೆಲ್ಲೂ ನೋಡಲಿಲ್ಲ. ನಾನು ನೇರ ಅವಳ ಮೇಲೇ ಬರ್ತಾ ಇದ್ದೀನಿ, ಅವಳು ಕೂರೋದೇ ಇಲ್ಲ! ಸೆರಗು ಹಾರ್ತಾ ಇದೆ, ನನ್ನನ್ನೇ ನೋಡ್ತಾ ಇದ್ದಾಳೆ. ಎಂಥ ಧೈರ್ಯ ಅಂತೀರಿ! ಕೊನೆಗೆ ನಾನೇ ಹೆದರಿ ಮೇಲಕ್ಕೆ ಎತ್ತಿದೆ."

ಅತ್ತೆ ಸೆರಗು ಸರಿಮಾಡಿಕೊಂಡರು. ಆಮೇಲೆ, "ಅಕಿ ನಾನ ರೀ" ಅಂದರು.

ನನಗೂ ಅದು ಹೊಸದು. ಎಮ್ಮೆಯ ಕತೆಯಲ್ಲಿ ಬಾವುಟ ಎಂದೂ ಬಂದಿರಲಿಲ್ಲ.

"ಆಳು ಬರ್ಲಿಲ್ಲ ಅಂತ ನಮ್ಮವ್ರು ನನ್ನ ನಿಂದ್ರಿಸಿದ್ರು. ಧೈರ್ಯ ಎಲ್ಲೀದ್ರಿ ಸಾಹೇಬ್ರ? ಕಾಲಾಗ ಜೀವ ಇರ್ಲಿಲ್ಲ. ಕುಂದ್ರಬೇಕಂದ್ರ ಮೊಣಕಾಲ ಬಗ್ಗಲಿಲ್ಲ. ಕಣ್ಣು ಮುಚ್ಚಾಕೂ ಆಗ್ಲಿಲ್ಲ."

ಮುದುಕರು ಅವರನ್ನೇ ನೋಡಿದರು. "ಎತ್ತಿದ ಹೊತ್ತಿಗೆ ಔಷಧಿ ನಿಲ್ಲಿಸಿದ್ದೆ. ಆ ಸಾಲಿಗೆ ಬೀಳಲೇ ಇಲ್ಲ" ಎಂದರು.

"ಬೀಳ್ಲಿಲ್ಲಲ್ಲ!" ಅತ್ತೆ ತೊಡೆ ತಟ್ಟಿಕೊಂಡರು. "ಆ ಸಾಲು ಪೂರಾ ಹುಳಾ ತಿಂತು. ನೀ ನೆಟ್ಟಗ ನಿಂದ್ರಲಿಲ್ಲ, ಸೊಟ್ಟ ನಿಂತಿದ್ದಿ, ಅದಕ್ಕ ಹಿಂಗಾತು ಅಂತ ನಮ್ಮವ್ರು ಸಾಯೋತನಕಾ ಅಂದ್ರು. ನಾನೂ ಹಂಗ ತಿಳ್ಕೊಂಡಿದ್ದೆ."

"ನೀವು ನೆಟ್ಟಗೇ ನಿಂತಿದ್ರಿ, ತಾಯಿ. ತಪ್ಪಿದ್ದು ನಾನು."

ಅತ್ತೆ ನಕ್ಕರು. ಬಾಯಿಗೆ ಸೆರಗು ಹಿಡಿದುಕೊಂಡು, ಮೈ ಕುಲುಕಿಸಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಆ ಮನೆಯಲ್ಲಿ ನೋಡಿದ್ದು ಕಡಿಮೆ. ಮುದುಕರೂ ನಕ್ಕರು. ನಗು ಮುಗಿದ ಮೇಲೆ ಅತ್ತೆ ಕಣ್ಣೊರೆಸಿಕೊಂಡು, ಅದೇ ದನಿಯಲ್ಲಿ, ಬೈಯದೆ, ಅಳದೆ, ಎಮ್ಮೆಯ ವಿಷಯ ಹೇಳಿದರು. ಅದರ ಹಣೆಯ ಮೇಲೆ ಬಿಳಿ ಚುಕ್ಕಿ ಇತ್ತು, ತನ್ನ ದನಿ ಕೇಳಿದರೆ ಎಲ್ಲಿದ್ದರೂ ಕೂಗುತ್ತಿತ್ತು, ಹೊಸ ಊರಿನಲ್ಲಿ ತನಗೆ ಗುರುತಿದ್ದದ್ದು ಅದೊಂದೇ ಜೀವ ಎಂದರು. ಗುರುತಿದ್ದದ್ದು ಅದೊಂದೇ ಎನ್ನುವ ಮಾತನ್ನು ಅವರು ನಮಗ್ಯಾರಿಗೂ ಹೇಳಿರಲಿಲ್ಲ.

ಪಟ್ಟಿಯಲ್ಲಿ ಆಳುಗಳು ಕಾಯಿ ಬಳಿಯುತ್ತಿದ್ದರು.

"ನಮಗೂ ಗೊತ್ತಿರಲಿಲ್ಲ ಅಂತ ಹೇಳಬಹುದು" ಎಂದರು ಮುದುಕರು, ಅತ್ತ ನೋಡುತ್ತ. "ಗೊತ್ತಿರಲಿಲ್ಲ ಅನ್ನೋದೂ ನಿಜ. ನಾವೇ ಅದರಲ್ಲಿ ಮೀಯುತ್ತಿದ್ದೆವು, ಅದೇ ಕೈಯಲ್ಲಿ ಊಟ ಮಾಡ್ತಿದ್ದೆವು." ತಮ್ಮ ಕೈಗಳನ್ನು ಒಮ್ಮೆ ನೋಡಿಕೊಂಡರು. "ಇದು ಅದರಿಂದಲೇ ಬಂತೋ, ವಯಸ್ಸಿನಿಂದ ಬಂತೋ, ಡಾಕ್ಟರೂ ಹೇಳೋದಿಲ್ಲ. ಅದೆಲ್ಲ ಇರಲಿ. ನಿಮ್ಮ ಎಮ್ಮೆ ಹೋಯಿತಲ್ಲ ತಾಯಿ, ಅದಕ್ಕೆ ನಾನು ಏನು ಹೇಳಲಿ?"

"ಏನೂ ಹೇಳಬ್ಯಾಡ್ರಿ" ಅಂದರು ಅತ್ತೆ. "ಉಣ್ಣಾಕ ಏಳ್ರಿ. ರೊಟ್ಟಿ ಆರಿ ಹೊಕ್ಕಾವು."

ಮನೆಯ ಪಡಸಾಲೆಯಲ್ಲಿ ಸಾಲಾಗಿ ಊಟಕ್ಕೆ ಕೂಡಿಸಿದೆವು. ಕೊರಳಿಗೆ ಏಲಕ್ಕಿ ಮಾಲೆ ಹಾಕಿಸಿಕೊಂಡ ಬೆಂಗಳೂರಿನವರು ಎಣಗಾಯಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡರು. ಮುದುಕರಿಗೆ ರೊಟ್ಟಿ ಮುರಿಯಲು ಆಗುತ್ತಿರಲಿಲ್ಲ. ಮಗಳು ದೂರದ ಪಂಕ್ತಿಯಲ್ಲಿದ್ದಳು. ನಾನು ಹೋಗುವಷ್ಟರಲ್ಲಿ ಅತ್ತೆ ಅವರ ಮುಂದೆ ಮೊಣಕಾಲೂರಿ ಕೂತು, ರೊಟ್ಟಿಯನ್ನು ಸಣ್ಣಗೆ ಮುರಿದು ಹಾಲಿನ ಬಟ್ಟಲಿಗೆ ಹಾಕಿ, ಬೆಲ್ಲ ಸೇರಿಸಿ, ಚಮಚ ಇಟ್ಟುಕೊಟ್ಟರು. ಅಕ್ಕಪಕ್ಕದವರಿಗೆ ಗೊತ್ತಾಗದ ಹಾಗೆ, ಏನೋ ಬಡಿಸಲು ಬಂದವರ ಹಾಗೆ ಮಾಡಿ ಎದ್ದು ಹೋದರು.

ಊಟವಾದ ಮೇಲೆ, ಬಿಸಿಲು ಇಳಿದಾಗ, ಮುದುಕರ ಮಗಳು ಅತ್ತೆಯ ಹತ್ತಿರ ಬಂದು, "ಅಮ್ಮ, ಒಂದು ಸುತ್ತು ಬನ್ನಿ, ನಿಮ್ಮೂರು ಮೇಲಿಂದ ತೋರಿಸ್ತೀನಿ" ಅಂದಳು. ಅತ್ತೆ ವಿಮಾನದ ಬಳಿ ಹೋಗಿ, ಅದರ ಮೈ ಮುಟ್ಟಿ, ಬೆರಳಿನಿಂದ ಬಡಿದು ನೋಡಿದರು.

"ಇದು ಬಟ್ಟಿ ಐತಲ್ಲವ್ವಾ!"

"ಹೌದಮ್ಮ, ಬಟ್ಟೆನೇ. ಮೇಲೆ ಬಣ್ಣ ಬಳಿದಿದ್ದೀವಿ."

"ಬಟ್ಟಿ ಹೊಟ್ಟ್ಯಾಗ ನಾ ಕುಂದ್ರಾಂಗಿಲ್ಲ. ನನ್ನ ಸೊಸೀನ ಕರ್ಕೊಂಡ್ ಹೋಗು. ನಸುಕಿನಿಂದ ಒಲಿ ಮುಂದ ಕುಂತಾಳ, ತುಸಾ ಗಾಳೀನರೆ ತಗೋಳ್ಳಿ."

ಎಲ್ಲರಿಗಿಂತ ಹಾರುವ ಆಸೆ ನಮ್ಮವರಿಗಿತ್ತು. ಆದರೆ ಅವರು ಪೆಟ್ರೋಲಿನ ಕ್ಯಾನುಗಳ ನಡುವೆ ಮೊಣಕೈತನಕ ಎಣ್ಣೆಯಾಗಿ ನಿಂತಿದ್ದರು. ನನ್ನನ್ನು ನೋಡಿ, "ಹೋಗು, ಹೋಗು" ಎಂದು ಕೈ ಬೀಸಿದರು. ಆ ಮುಖದಲ್ಲಿ ಹೊಟ್ಟೆಕಿಚ್ಚು ಸ್ವಲ್ಪವಾದರೂ ಇತ್ತೆಂದು ಈಗಲೂ ಹೇಳುತ್ತೇನೆ, ಅವರು ಒಪ್ಪುವುದಿಲ್ಲ.

ಸೆರಗು ಬಿಗಿದು ಕೂತೆ. ಗರಸು ಚಕ್ರದಡಿ ಗಡಗಡ ಎಂದದ್ದು ತಟ್ಟನೆ ನಿಂತಿತು. ಆ ನಿಂತದ್ದೇ ಹಾರಿದ್ದೆಂದು ಗೊತ್ತಾಗಲು ಒಂದು ಗಳಿಗೆ ಬೇಕಾಯಿತು. ಕೆಳಗೆ ನಮ್ಮ ಹೊಲ ಸೀರೆಯ ಮಡಿಕೆಯ ಹಾಗೆ. ಹೆದ್ದಾರಿಯ ಮೇಲೆ ಲಾರಿಗಳು. ಬ್ಯಾಡಗಿಯ ಸುತ್ತ, ವ್ಯಾಪಾರಸ್ಥರ ಕಣಗಳಲ್ಲಿ ಹರವಿದ ಕಾಯಿ, ಒಂದೊಂದೂ ಒಂದೊಂದು ಕೆಂಪು. ಅವಳು ವಿಮಾನ ಓರೆ ಮಾಡಿ, "ಅಕ್ಕ, ಆ ಕಡೆ ನೋಡಿ" ಎಂದಳು. ದೂರದಲ್ಲಿ, ಐರಣಿಯ ದಿಕ್ಕಿಗೆ, ತುಂಗಭದ್ರೆ ಒಂದು ಗೆರೆಯಾಗಿ ಹೊಳೆಯುತ್ತಿತ್ತು. ಐರಣಿ ನನ್ನ ತವರು. ಬಸ್ಸಿನಲ್ಲಿ ಹೋದರೆ ಎರಡು ಕಡೆ ಇಳಿದು ಹತ್ತಬೇಕು, ಒಂದು ದಿನ ಹೋಗಿ ಬರುವುದಕ್ಕೆ ತಿಂಗಳು ಮೊದಲೇ ಮಾತಾಡಬೇಕು. ಇಷ್ಟೇ ದೂರವೇ ಅನ್ನಿಸಿತು. ಅಳು ಬಂತು. ಅವಳು ನೋಡಿದಳು, ಇನ್ನೊಂದು ಸುತ್ತು ಹಾಕಿದಳು.

ಮರುದಿನ ಮುಂಜಾನೆ ಗಾಳಿ ಏಳುವ ಮೊದಲೇ ಎಲ್ಲರೂ ಹೊರಟರು. ಅತ್ತೆ ಮುದುಕರಿಗೆ ಒಂದು ಸಣ್ಣ ಚೀಲದ ತುಂಬ ಕಾಯಿ ಕೊಟ್ಟರು. "ಮಣ್ಣು ಹತ್ತಿಲ್ಲದ್ದು ಆರಿಸೇನಿ" ಅಂದರು. ಮುದುಕರು ಕೈ ಮುಗಿಯಲು ಹೋದರು, ಚೀಲ ಹಿಡಿದಿದ್ದರಿಂದ ಆಗಲಿಲ್ಲ, ಹಾಗೇ ತಲೆ ಬಾಗಿಸಿದರು. ಬಿಳಿ ವಿಮಾನ ಪಟ್ಟಿಯ ತುದಿಗೆ ಬಹಳ ಎಚ್ಚರದಿಂದ ತಿರುಗಿತು.

ಮುಂದಿನ ಚಳಿಗಾಲಕ್ಕೂ ಬರುತ್ತೇವೆಂದರು. ನಮ್ಮವರು ಮತ್ತೆ ಹಾವೇರಿಗೆ ಓಡಾಡಿದರು, ಈ ಸಲ ಅಪ್ಪಣೆ ಸಿಗಲಿಲ್ಲ. ಅದರ ಮುಂದಿನ ವರ್ಷ ಕೇಳುವುದನ್ನೇ ಬಿಟ್ಟರು. ಪಟ್ಟಿಯಲ್ಲಿ ಮತ್ತೆ ಕಾಯಿಯೇ ಹರವಿದೆವು. ಮುದುಕರು ಮಾತ್ರ ಸಂಕ್ರಮಣಕ್ಕೆ ತಪ್ಪದೆ ಫೋನು ಮಾಡುತ್ತಿದ್ದರು. ಅತ್ತೆ ಫೋನನ್ನು ಕಿವಿಗೆ ಒತ್ತಿಕೊಂಡು, ಊರಿಗೆಲ್ಲ ಕೇಳುವ ಹಾಗೆ, "ಉಂಡ್ರೇನ್ರಿ? ಕೈ ಹೆಂಗದಾವು?" ಎಂದು ಕೇಳುತ್ತಿದ್ದರು. ಅವರ ಮೈಸೂರು ಮಾತು ಅರ್ಧ ಇವರಿಗೆ ತಿಳಿಯದು, ಇವರದು ಅರ್ಧ ಅವರಿಗೆ ತಿಳಿಯದು. ಆದರೂ ಬಹಳ ಹೊತ್ತು ಮಾತಾಡುತ್ತಿದ್ದರು.

ಒಂದು ಮಧ್ಯಾಹ್ನ ಮಗಳ ಫೋನು ಬಂತು. ಅಪ್ಪ ಹಿಂದಿನ ದಿನ ಹೋದರು, ನಿದ್ದೆಯಲ್ಲೇ ಎಂದಳು. ನಾನು ಹಿತ್ತಲಿಗೆ ಹೋಗಿ ಅತ್ತೆಗೆ ಹೇಳಿದೆ. ಅವರು ಜೋಳ ಹಸನು ಮಾಡುತ್ತಿದ್ದರು. ಮೊರವನ್ನು ಬದಿಗಿಟ್ಟು, ಎದ್ದು, ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡರು, ನಮ್ಮಲ್ಲಿ ಬಳಗದವರು ತೀರಿಕೊಂಡ ಸುದ್ದಿ ಬಂದರೆ ಮಾಡುವ ಹಾಗೆ. ಒದ್ದೆ ಕೂದಲಿನಲ್ಲಿ ಹೊರಗೆ ಬಂದು, "ಆ ಹುಡುಗಿ ಒಬ್ಬಾಕೀನ ಅದಾಳೇನು ಮನ್ಯಾಗ?" ಎಂದು ಕೇಳಿದರು. ಹೌದು, ಇನ್ನು ಒಬ್ಬಳೇ ಎಂದೆ.

"ಮತ್ತ ಫೋನ್ ಹಚ್ಚು. ನಾ ಮಾತಾಡ್ತೇನಿ" ಅಂದರು.